ನಾಲ್ಕು ಭರಣಿ, ಒಂದೇ ಉಪ್ಪು

ನಾರ್ವೆಯ ವೆಂಕಮ್ಮನವರ ಮಾವಿನ ಮಿಡಿ ಉಪ್ಪಿನಕಾಯಿಯ ವಿಷಯದಲ್ಲಿ ಕೊಪ್ಪ ತಾಲೂಕಿನಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ಮದುವೆಮನೆಯಲ್ಲಿ ಸಾರು ಕೆಟ್ಟರೂ ಪಾಯಸ ತಳ ಹಿಡಿದರೂ, ವೆಂಕಮ್ಮನವರ ಭರಣಿ ಒಂದು ಬಂದಿದ್ದರೆ ಹೆಣ್ಣಿನ ಕಡೆಯವರ ಮಾನ ಉಳಿಯುತ್ತಿತ್ತು. ಅವರ ಮನೆಯ ಹಿಂದಿನ ಮರದಿಂದ ಮಿಡಿ ಕೇಳುವುದೆಂದರೆ ಹೆಣ್ಣು ಕೇಳಿದಷ್ಟೇ ನಾಜೂಕಿನ ಕೆಲಸ. ಯಾವ ಭರಣಿಗೆ ಹಾಕುತ್ತೀರಿ, ಯಾರು ಹಾಕುತ್ತಾರೆ, ಅವರಿಗೆ ಉಪ್ಪಿನ ಅಂದಾಜು ಇದೆಯೇ ಎಂದೆಲ್ಲ ವಿಚಾರಿಸಿ, ಕೊನೆಗೆ ಬಹುಪಾಲು ಜನರಿಗೆ "ಈ ಸಲ ಹೂವು ಉದುರಿಹೋಯ್ತು" ಎಂದು ಕಾಫಿ ಕುಡಿಸಿ ಕಳಿಸುತ್ತಿದ್ದರು.

ಅಂಥವರಿಂದ ಎರಡು ಬುಟ್ಟಿ ಮಿಡಿ ಈಸಿಕೊಂಡು ಬಂದವನು ಅವರ ಅಳಿಯ ಪ್ರಕಾಶ. ಮೊದಲು ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ ಅವನು ಈಗ ಕೊಪ್ಪದಾಚೆಯ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಸಹಾಯಕ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕಿನಿಂದ ಹೆಸರಾದ ಒಂದೊಂದು ಮಿಡಿ ಮರ ಆರಿಸಿ, ರುಚಿ ಪರೀಕ್ಷೆ ಮಾಡಿ, ಗೆದ್ದ ಮರದ ಕಸಿ ಗಿಡ ಬೆಳೆಸಿ ಊರೂರಿಗೆ ಹಂಚುವುದೆಂದು ಕೇಂದ್ರದಲ್ಲಿ ತೀರ್ಮಾನವಾಗಿತ್ತು. ಗೆದ್ದ ತಳಿಗೆ ಆ ಮರದ ಮನೆಯವರ ಹೆಸರನ್ನೇ ಇಡುವುದು ಎಂದೂ ಆಗಿತ್ತು.

ಮಿಡಿ ಕೇಳಲು ಹೋದ ದಿನ ಪ್ರಕಾಶ ಬಾಯಿ ಬಿಗಿಹಿಡಿಯಬೇಕಿತ್ತು. ಅತ್ತೆ ಹೂವು ಉದುರಿದ ಕಥೆ ಶುರುಮಾಡುವ ಲಕ್ಷಣ ಕಂಡಿತು. ಅವನು ಗಾಬರಿಯಲ್ಲಿ, "ಅತ್ತೆ, ಪರೀಕ್ಷೆ ಅಂದ್ರೆ ಒಂದು ಶಾಸ್ತ್ರಕ್ಕೆ. ಗೆಲ್ಲೋದು ನಿಮ್ಮ ಮರವೇ, ಅದ್ರಲ್ಲಿ ಎಂತ ಸಂಶಯ?" ಎಂದುಬಿಟ್ಟ.

ವೆಂಕಮ್ಮನವರು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡರು. ವಾರ ಕಳೆಯುವುದರೊಳಗೆ, ಇನ್ನು ಮೇಲೆ ನರ್ಸರಿಯಲ್ಲಿ 'ನಾರ್ವೆ ವೆಂಕಮ್ಮ' ಎಂಬ ಗಿಡ ಸಿಗುತ್ತದಂತೆ ಎಂಬ ಸುದ್ದಿ ಬಾಳೆಹೊನ್ನೂರಿನ ನೆಂಟರ ತನಕ ಮುಟ್ಟಿತು. ಮರ ಸೋತರೆ ಮೂರು ತಾಲೂಕಿನಲ್ಲಿ ತಲೆ ತಗ್ಗಿಸಬೇಕಾದವರು ವೆಂಕಮ್ಮನವರು. ತಗ್ಗಿಸಿದ ತಲೆಯನ್ನು ಎತ್ತಿ ಅವರು ಮೊದಲು ನೋಡುವುದು ಅಳಿಯನ ಮುಖವನ್ನು.

ಕೇಂದ್ರದ ವಿಜ್ಞಾನಿ ಅರ್ಪಣಾ ಮೇಡಂ ಶೃಂಗೇರಿ ಕಡೆಯ ಕಿಗ್ಗದವರ ಮೊಮ್ಮಗಳು; ಆ ತಾಲೂಕಿನ ಮರ ಆರಿಸಿದ್ದೂ ಕಿಗ್ಗದಿಂದಲೇ. ನಗುಮುಖದ ಹೆಂಗಸು, ಆದರೆ ಮೇಜಿನ ಮೇಲಿದ್ದ ಹಸಿರು ರಟ್ಟಿನ ಪುಸ್ತಕದ ವಿಷಯಕ್ಕೆ ಬಂದರೆ ಕಲ್ಲು. ರುಚಿ ಪರೀಕ್ಷೆಯನ್ನು ಎಲ್ಲ ಕಡೆ ಎಲ್ಲರೂ ಒಂದೇ ರೀತಿ ಮಾಡಬೇಕಾದ ಪದ್ಧತಿ ಅದರಲ್ಲಿತ್ತು. ಬಟ್ಟಲು ಬಿಳಿಯದೇ ಆಗಬೇಕು, ನೀರು ಹೂಬೆಚ್ಚಗಿರಬೇಕು, ರುಚಿ ನೋಡುವವರು ಅದಕ್ಕೆ ಮೊದಲು ಕಾಫಿ ಕುಡಿಯಬಾರದು, ಎಲೆಯಡಿಕೆಯ ಕವಳ ಹಾಕಬಾರದು, ಪರಿಮಳದ ಹೂವು ಮುಡಿಯಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು. ಪ್ರಕಾಶ ಅದಕ್ಕೆ ವ್ರತದ ಪುಸ್ತಕ ಎಂದು ಹೆಸರಿಟ್ಟಿದ್ದ.

"ಇಷ್ಟೆಲ್ಲ ಎಂತಕ್ಕೆ ಮೇಡಂ? ನಾಲ್ಕು ಜನಕ್ಕೆ ತಿನ್ನಿಸಿ ಕೇಳಿದ್ರೆ ಆಗಲ್ವಾ?"

"ನೀವು ಕೇಳಿದ್ರೆ ಒಂದು ಉತ್ತರ, ನಾನು ಕೇಳಿದ್ರೆ ಇನ್ನೊಂದು ಬರ್ತದೆ ಮಾರಾಯ್ರೇ. ಯಾರು ಕೇಳಿದ್ರೂ ಒಂದೇ ಉತ್ತರ ಬರಬೇಕಲ್ದಾ?"

ಮೂರು ತಾಲೂಕಿನ ಮೂರು ಮರಗಳ ಜೊತೆಗೆ ನಾಲ್ಕನೆಯದೊಂದು ಬೇಕು ಎಂದರು ಮೇಡಂ. ಹೋಲಿಸಿ ನೋಡಲು, ಯಾವ ಹೆಸರೂ ಇಲ್ಲದ ಸಾಧಾರಣ ಮರ. ಜಯಪುರದ ದಾರಿಯಲ್ಲಿ ಬಸ್ಸು ನಿಲ್ಲುವ ಜಾಗದಲ್ಲೊಂದು ಯಜಮಾನರಿಲ್ಲದ ಮರ ಇತ್ತು.

"ಅದ್ರ ಮಿಡಿಗೆ ಮಕ್ಕಳು ಕಲ್ಲೂ ಹೊಡೆಯಲ್ಲ ಮೇಡಂ," ಎಂದ ಪ್ರಕಾಶ.

"ಹಾಗಾದ್ರೆ ಅದೇ ಬೇಕು."

ಉಪ್ಪಿನಕಾಯಿ ಹಾಕಲು ಸಮಾರಂಭಗಳ ಅಡುಗೆಯ ಸುಬ್ಬಯ್ಯನವರನ್ನು ಕರೆಸಿದ್ದಾಯಿತು. ಸಾವಿರ ಜನರ ಊಟಕ್ಕೆ ಸೌಟು ಹಿಡಿದ ಕೈ. ಅವರು ಉಪ್ಪಿನ ಮೂಟೆಗೆ ಕೈ ಹಾಕುತ್ತಿದ್ದ ಹಾಗೆ ಮೇಡಂ ತಕ್ಕಡಿ ಮುಂದಿಟ್ಟರು. ನಾಲ್ಕು ಭರಣಿಗೂ ಒಂದೇ ತೂಕದ ಉಪ್ಪು, ಒಂದೇ ಪೊಟ್ಟಣದ ಮೆಣಸು, ಒಂದೇ ಸಾಸಿವೆ.

ಸುಬ್ಬಯ್ಯನವರಿಗೆ ಮುಖ ಸಣ್ಣದಾಯಿತು. "ಅಮ್ಮಾ, ಉಪ್ಪು ಕೈಗೆ ಗೊತ್ತಾಗ್ತದೆ, ತಕ್ಕಡಿಗಲ್ಲ. ಸೊನೆ ಜಾಸ್ತಿ ಇದ್ದ ಮಿಡಿಗೆ ಒಂದು ನಮೂನೆ, ಕಮ್ಮಿ ಇದ್ದದ್ದಕ್ಕೆ ಒಂದು ನಮೂನೆ."

"ಗೊತ್ತು ಸುಬ್ಬಯ್ಯನವರೇ. ನಿಮ್ಮ ಕೈ ಒಳ್ಳೇದು ಅಂತ್ಲೇ ನಂಗೆ ಹೆದರಿಕೆ. ನೀವು ನಾಲ್ಕನ್ನೂ ಒಳ್ಳೇದು ಮಾಡಿಬಿಡ್ತೀರಿ. ಆಮೇಲೆ ಮರ ಯಾವ್ದು ಒಳ್ಳೇದು ಅಂತ ಯಾರಿಗೆ ಗೊತ್ತಾಗ್ಬೇಕು?"

ಹೊಗಳಿದರೋ ಬೈದರೋ ತಿಳಿಯದೆ ಸುಬ್ಬಯ್ಯನವರು ತೂಕ ಮಾಡಿದ ಉಪ್ಪನ್ನೇ ಹಾಕಿದರು. ಅದನ್ನು ಯಾರಿಗೂ ಹೇಳಬೇಡಿ ಎಂದು ಮಾತ್ರ ಕೇಳಿಕೊಂಡರು.

ಭರಣಿಗಳು ಪಕ್ವವಾಗುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಇನ್ನು ಅವುಗಳಿಗೆ ಹೆಸರಿನ ಬದಲು ಮೂರಂಕಿಯ ನಂಬರ್. ಯಾವ ನಂಬರ್ ಯಾವ ಮರದ್ದು ಎಂದು ಒಬ್ಬರಿಗೆ ಮಾತ್ರ ಗೊತ್ತಿರಬೇಕು, ಆ ಒಬ್ಬರು ಪರೀಕ್ಷೆ ನಡೆಯುವಾಗ ಕೋಣೆಗೆ ಕಾಲಿಡಬಾರದು. ಬಡಿಸುವ ಸುಬ್ಬಯ್ಯನವರಿಗೂ ಗೊತ್ತಿರಬಾರದು, ಅಂಕ ಕೂಡಿಸುವ ಮೇಡಮ್ಮಿಗೂ ಗೊತ್ತಿರಬಾರದು.

"ಮತ್ತೆ ಆ ಒಬ್ರು ಯಾರು?" ಎಂದ ಪ್ರಕಾಶ, ಕಾವಲುಗಾರನನ್ನು ಬಿಟ್ಟರೆ ಕೇಂದ್ರದಲ್ಲಿ ಇನ್ನು ತಾನೊಬ್ಬನೇ ಉಳಿದಿರುವುದು ಹೊಳೆದು. "ಮೇಡಂ, ನಾನು ನಾರ್ವೆಯ ಅಳಿಯ."

"ನಾನು ಕಿಗ್ಗದ ಮೊಮ್ಮಗಳು. ಸುಬ್ಬಯ್ಯನವರು ಮೂರು ತಾಲೂಕಿಗೂ ನೆಂಟರು. ಇಲ್ಲಿ ಯಾರಿಗೂ ಏನೂ ಆಗದವರನ್ನ ಹುಡುಕ್ತಾ ಕೂತ್ರೆ ಉಪ್ಪಿನಕಾಯಿ ಹಳಸ್ತದೆ."

ಹೀಗೆ ಇಡೀ ಗುಟ್ಟು ಪ್ರಕಾಶನ ಹೊಟ್ಟೆಯೊಳಗೆ ಬಂದು ಕುಳಿತಿತು. ಅತ್ತೆಯ ಮರದ್ದು ಐನೂರ ಹದಿನೇಳು. ಮಾರನೆಯ ದಿನದಿಂದಲೇ ಅವನು ಹೋದಲ್ಲೆಲ್ಲ ಮರ್ಯಾದೆ ಹೆಚ್ಚಾಯಿತು. ಎನ್.ಆರ್.ಪುರದಲ್ಲಿ ಸ್ಪರ್ಧೆಗೆ ಮರ ಕೊಟ್ಟಿದ್ದ ಭೈರಪ್ಪ, ಬೈಕಿಗೆ ಪೆಟ್ರೋಲ್ ಹಾಕಿಸಲು ನಿಂತವನನ್ನು ಬಲವಂತವಾಗಿ ಹೋಟೆಲಿಗೆ ಕರೆದೊಯ್ದು ಬನ್ಸು ತಿನ್ನಿಸಿದ. "ನಾನೆಂತದೂ ಕೇಳಲ್ಲ ಮಾರಾಯ. ನಮ್ಮದು ಜೋಡಿ ಸಂಖ್ಯೆಯೋ ಬೆಸವೋ, ಅಷ್ಟೇ," ಎಂದ. ಪ್ರಕಾಶ ಬನ್ಸಿನ ದುಡ್ಡು ಮೇಜಿನ ಮೇಲಿಟ್ಟು ಎದ್ದುಬಂದ.

ನಾರ್ವೆಯಲ್ಲಿ ಎದ್ದು ಬರುವ ಹಾಗಿರಲಿಲ್ಲ. ವೆಂಕಮ್ಮನವರು ಮಗಳು ಸಂಪದಾಳನ್ನೂ ಅಳಿಯನನ್ನೂ ಊಟಕ್ಕೆ ಕರೆದು, ನಂಬರುಗಳನ್ನು ಬಾಯಿಪಾಠ ಮಾಡಿಕೊಂಡು ಕಾದಿದ್ದರು. ನಂಬರು ಗೊತ್ತಿರಬಾರದೆಂದು ಪುಸ್ತಕ ಹೇಳಿರಲಿಲ್ಲವಾದ್ದರಿಂದ ಸುಬ್ಬಯ್ಯನವರು ಧಾರಾಳವಾಗಿ ಹೇಳಿಬಂದಿದ್ದರು.

"ನೀವು ಹೇಳೋದು ಬೇಡ ಪ್ರಕಾಶ. ನಿಮ್ಮ ನಿಯಮ ನಾನು ಎಂತಕ್ಕೆ ಮುರೀಲಿ?" ಎಂದರು ಅತ್ತೆ, ಅನ್ನದ ಗುಡ್ಡದ ಮೇಲೆ ತುಪ್ಪ ಹಾಕುತ್ತ. "ನಾನು ಒಂದೊಂದೇ ನಂಬರ್ ಹೇಳ್ತಾ ಹೋಗ್ತೇನೆ. ನಂದು ಬಂದಾಗ ನೀವು ಸುಮ್ನೆ ಒಂದು ಗುಟುಕು ಮಜ್ಜಿಗೆ ಕುಡೀರಿ."

ಪ್ರಕಾಶ ಆ ದಿನ ಮಜ್ಜಿಗೆಯ ಲೋಟದ ಕಡೆ ಕೈ ಚಾಚಲಿಲ್ಲ. ಒಣ ಅನ್ನ ನುಂಗಿ ನುಂಗಿ, ಅತ್ತೆ "ಎಂಟುನೂರ ಮೂವತ್ತೊಂಬತ್ತು" ಎನ್ನುವ ಹೊತ್ತಿಗೆ ಸರಿಯಾಗಿ ಬಿಕ್ಕಳಿಕೆ ಬಂತು.

ವೆಂಕಮ್ಮನವರ ಮುಖ ಅರಳಿತು. "ಸಾಕು, ಸಾಕು. ನೀವು ಹೇಳಿದ ಹಾಗೂ ಆಗ್ಲಿಲ್ಲ, ನಾನು ಕೇಳಿದ ಹಾಗೂ ಆಗ್ಲಿಲ್ಲ. ಸಂಪದಾ, ಗಂಡನಿಗೆ ನೀರು ಕೊಡು."

ಎಂಟುನೂರ ಮೂವತ್ತೊಂಬತ್ತು ಭೈರಪ್ಪನ ಮರದ್ದು. ಅದನ್ನೂ ಹೇಳುವಂತಿರಲಿಲ್ಲ. ಆ ವಾರವಿಡೀ ವೆಂಕಮ್ಮನವರು ಫೋನಿನಲ್ಲಿ ಕೂತು, ತಮಗೆ ಅರಿವಿಲ್ಲದೆ, ಎನ್.ಆರ್.ಪುರದ ಮರಕ್ಕೆ ಪ್ರಚಾರ ಮಾಡಿದರು.

ಪರೀಕ್ಷೆಯ ದಿನ ಮೂರು ತಾಲೂಕಿನಿಂದ ರುಚಿ ನೋಡುವವರು ಬಂದರು. ಮಿಡಿಯ ಆಕಾರ ನೋಡಿಯೇ ಯಾವ ಊರಿನದೆಂದು ಹೇಳುವ ಜನ. ಅದಕ್ಕೆ ಮಿಡಿಯನ್ನು ಸಣ್ಣಗೆ ಹೆಚ್ಚಿಸಿ, ಬಣ್ಣವೂ ತಿಳಿಯದಿರಲೆಂದು ಕೋಣೆಗೆ ಕೆಂಪು ಬಲ್ಬು ಹಾಕಿಸಿದ್ದರು ಮೇಡಂ. ಶೃಂಗೇರಿಯಿಂದ ಬಂದ ತಿಮ್ಮಣ್ಣ ಬಾಗಿಲಲ್ಲೇ ನಿಂತ.

"ಎಂತ ಸುಬ್ಬಯ್ಯ, ಯಕ್ಷಗಾನದ ಆಟದಲ್ಲಿ ರಾಕ್ಷಸ ಬರೋ ಹೊತ್ತಿಗೆ ಹಾಕೋ ದೀಪ ಅಲ್ದಾ ಇದು? ನಿನ್ನ ಮುಖವೂ ಹಾಗೇ ಕಾಣ್ತದೆ."

"ಒಳಗೆ ಬಾ. ಕವಳ ಉಗಿದು ಬಾ."

"ಕವಳ ಇಲ್ದೆ ಹೇಗೆ ಮಾರಾಯ ರುಚಿ ಗೊತ್ತಾಗೋದು? ಬಾಯಿ ಸತ್ತಹಾಗೆ ಇರ್ತದಲ್ಲ."

ಎಲ್ಲರೂ ಉಗಿದು, ಮುಕ್ಕಳಿಸಿ, ಪರದೆ ಕಟ್ಟಿದ ಗೂಡುಗಳಲ್ಲಿ ಕುಳಿತರು. ಇಷ್ಟಕ್ಕೆ ತಕ್ಕಂತೆ ಒಂದರಿಂದ ಒಂಬತ್ತರ ತನಕ ಅಂಕ ಕೊಡಬೇಕಿತ್ತು. ಮುಗಿದ ಮೇಲೆ ಮೇಡಂ ಹಾಳೆಗಳನ್ನು ತಿರುವಿ ನೋಡಿದರು. ಒಂಬತ್ತು, ಒಂಬತ್ತು, ಒಂಬತ್ತು. ನಾಲ್ಕೂ ನಂಬರಿಗೆ, ಎಲ್ಲರದ್ದೂ. ತಿಮ್ಮಣ್ಣ ಮಾತ್ರ ಎಲ್ಲಕ್ಕೂ ಹತ್ತು ಕೊಟ್ಟಿದ್ದ. ಒಂಬತ್ತಕ್ಕೆ ನಿಲ್ಲಿಸಿದರೆ ಒಂದು ತಾನು ಉಳಿಸಿಕೊಂಡ ಹಾಗಾಗುತ್ತದೆ ಎಂಬುದು ಅವನ ಸಂಕೋಚ.

ನಾರ್ವೆಯಲ್ಲಿ ತೋಟದ ಕೆಲಸ ಮಾಡುವ ಚಿಕ್ಕಕ್ಕ ಎಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸೆಂದು ಹೆಸರು. ಮೇಡಂ ಅವಳನ್ನೇ ಕೇಳಿದರು. "ನೀವೂ ಎಲ್ಲಕ್ಕೂ ಒಂಬತ್ತು ಕೊಟ್ಟಿದ್ದೀರಲ್ಲ ಚಿಕ್ಕಕ್ಕ?"

"ಮತ್ತೆ? ಒಬ್ರು ಮಾಡಿ ಬಡಿಸಿದ್ದಕ್ಕೆ ನಾಲ್ಕು ಕೊಡ್ಲಿಕ್ಕೆ ನಾನೇನು ಮನುಷ್ಯಳಲ್ವಾ?"

"ಯಾರದ್ದು ಅಂತ ನಿಮಗೆ ಗೊತ್ತಿಲ್ವಲ್ಲ."

"ಅದಕ್ಕೇ ಅಮ್ಮಾ. ಗೊತ್ತಿದ್ರೆ ಬೇಡದವ್ರದ್ದಕ್ಕೆ ಒಂದು ಕಮ್ಮಿ ಮಾಡಬಹುದಿತ್ತು. ಗೊತ್ತಿಲ್ದೆ ಕಮ್ಮಿ ಮಾಡಿ, ಅದು ವೆಂಕಮ್ಮನೋರದ್ದೇ ಆಗಿದ್ರೆ ನಾಳೆ ನಾನು ಯಾವ ಮುಖ ಹೊತ್ಕೊಂಡು ಅವ್ರ ತೋಟಕ್ಕೆ ಹೋಗ್ಲಿ?"

ಅರ್ಪಣಾ ಮೇಡಂ ಹಸಿರು ಪುಸ್ತಕವನ್ನು ಮೊದಲಿಂದ ಕೊನೆಯ ತನಕ ಓದಿದರು. ಪಕ್ಷಪಾತ ತಡೆಯುವ ಉಪಾಯ ಅದರಲ್ಲಿ ಬೇಕಾದಷ್ಟಿತ್ತು. ದಾಕ್ಷಿಣ್ಯ ತಡೆಯುವ ಉಪಾಯ ಒಂದೂ ಇರಲಿಲ್ಲ.

ಎರಡನೆಯ ಸಲ ಅಂಕ ಕೇಳಲಿಲ್ಲ. ತಿಂದು ಉಳಿದದ್ದನ್ನು ತೂಗಿ ನೋಡುವುದೆಂದು ಮೇಡಂ ಯೋಚಿಸಿದರು. ಇಷ್ಟವಾದದ್ದು ಕಡಿಮೆ ಉಳಿಯುತ್ತದೆ, ಬೇಡವಾದದ್ದು ಹೆಚ್ಚು ಉಳಿಯುತ್ತದೆ. ಬೇರೆ ಕಡೆ ಹೀಗೆ ಮಾಡಿದ್ದಕ್ಕೆ ಆಧಾರವೂ ಇತ್ತು, ಪ್ರಕಾಶ ಭರಣಿಗಳಿಗೆ ಹೊಸ ನಂಬರುಗಳನ್ನೂ ಕೊಟ್ಟಿದ್ದ. ಬಟ್ಟಲುಗಳು ತಿರುಗಿ ಬಂದಾಗ ಒಂದರಲ್ಲೂ ಎಳ್ಳಿನಷ್ಟೂ ಇರಲಿಲ್ಲ. ಕೆಲವು ಕೊಡುವ ಮೊದಲಿಗಿಂತಲೂ ಚೊಕ್ಕಟವಾಗಿದ್ದವು.

"ಎಲೆಯ ಮೇಲೆ ಬಿಡಬಾರ್ದು ಅಂತ ನಮ್ಮಮ್ಮ ಹೊಡೆದು ಕಲಿಸಿದ್ದು," ಎಂದ ತಿಮ್ಮಣ್ಣ. "ಈ ವಯಸ್ಸಲ್ಲಿ ನಿಮ್ಮ ತಕ್ಕಡಿಗೋಸ್ಕರ ಬಿಡೋದಾ ಮೇಡಂ?"

ಮೇಡಂ ಹಣೆ ಹಿಡಿದು ಕುಳಿತರು. ಭರಣಿಗಳಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಮಾತ್ರ ಇತ್ತು. ಮೂರನೆಯ ಸಲವೂ ಹೀಗೇ ಆದರೆ ಯಾವ ಮರವೂ ಗೆಲ್ಲುವುದಿಲ್ಲ, ಕಸಿಯ ಕೆಲಸ ಬೇರೆ ಜಿಲ್ಲೆಗೆ ಹೋಗುತ್ತದೆ. ಪ್ರಕಾಶನಿಗೆ ಕ್ಷಣಕಾಲ ಅದೇ ಒಳ್ಳೆಯದು ಅನ್ನಿಸಿತು. ಯಾರೂ ಗೆಲ್ಲದಿದ್ದರೆ ಅತ್ತೆ ಸೋತಂತೆಯೂ ಆಗುವುದಿಲ್ಲ. ಆದರೆ ಮೇಡಮ್ಮಿನ ಮುಖ ನೋಡಿ, ಹಾಗೆ ಅನ್ನಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಹಿಂದಿನ ಜಗಲಿಯಲ್ಲಿ ಸುಬ್ಬಯ್ಯನವರು ಬಂದವರಿಗೆ ಮೊಸರನ್ನ ಹಾಕುತ್ತಿದ್ದರು. ಹೆಚ್ಚಿ ಮಿಕ್ಕಿದ್ದ ಉಪ್ಪಿನಕಾಯಿ ಬಟ್ಟಲುಗಳನ್ನು ಹಾಗೇ ನಡುವೆ ಇಟ್ಟಿದ್ದರು. ಪರದೆಯಿಲ್ಲ, ಕೆಂಪು ದೀಪವಿಲ್ಲ. ಜನ ಮಾತಾಡುತ್ತ, ಕೈಗೆ ಬಂದದ್ದನ್ನು ಬಡಿಸಿಕೊಳ್ಳುತ್ತಿದ್ದರು. ನೋಡನೋಡುತ್ತ ಒಂದು ಬಟ್ಟಲು ಖಾಲಿಯಾಯಿತು. ಪ್ರಕಾಶ ಬಗ್ಗಿ ನಂಬರ್ ನೋಡಿದ. ಅತ್ತೆಯ ಮರದ್ದು.

ಅವನು ಓಡುತ್ತ ಒಳಗೆ ಬಂದ. "ಮೇಡಂ, ಸಿಕ್ತು. ಮಾರ್ಕೂ ಬೇಡ, ಉಳಿದದ್ದೂ ಬೇಡ. ತಾವಾಗೇ ಬಡಿಸ್ಕೊಳ್ಳಿ ಅಂತ ಬಿಟ್ರೆ ಇಷ್ಟವಾದದ್ದನ್ನೇ ಜಾಸ್ತಿ ಹಾಕ್ಕೋತಾರೆ. ಅಲ್ಲಿ ಒಂದು ಬಟ್ಟಲು ಆಗ್ಲೇ ಮುಗೀತು."

ಮೇಡಂ ಎದ್ದು ಹೋಗಿ ಜಗಲಿಯನ್ನು ನೋಡಿದರು. "ಮುಗಿದದ್ದು ಎಲ್ಲಿತ್ತು?"

"ಇಲ್ಲಿ, ಮಜ್ಜಿಗೆ ಪಾತ್ರೆಯ ಪಕ್ಕ."

"ಹಾಗಾದ್ರೆ ಗೆದ್ದದ್ದು ಮಜ್ಜಿಗೆ," ಎಂದರು ಮೇಡಂ. ಪ್ರಕಾಶನ ಮುಖ ಬಾಡಿದ್ದನ್ನು ನೋಡಿ ಸಮಾಧಾನದ ದನಿಯಲ್ಲಿ ಸೇರಿಸಿದರು, "ಉಪಾಯ ಒಳ್ಳೇದೇ ಇದೆ. ಆದ್ರೆ ಅದಕ್ಕೂ ಪದ್ಧತಿ ಬೇಕು. ಪ್ರತಿ ಪಂಕ್ತಿಗೂ ಭರಣಿಯ ಜಾಗ ಬದಲಾಗ್ಬೇಕು. ಮಜ್ಜಿಗೆ ಎಲ್ಲದ್ರಿಂದ ಒಂದೇ ದೂರ. ಬಡಿಸೋರು ಯಾರೂ ಇರಬಾರ್ದು. ಊಟಕ್ಕೆ ಮೊದಲೊಂದು ಸಲ, ಆದ್ಮೇಲೊಂದು ಸಲ ಭರಣಿ ತೂಗೋದು. ಇದನ್ನ ಬರೆದಿಟ್ರೆ, ನಾಳೆ ಸಾಗರದವರೂ ಹೀಗೇ ಮಾಡಬಹುದು."

ಅವರು ಅಲ್ಲೇ ಕುಳಿತು ಬರೆದರು. ಇಬ್ಬರೂ ಸೇರಿ ತಿದ್ದಿದರು. ಬಡಿಸುವವರು ಇರಬಾರದು ಎಂಬ ಸಾಲಿಗೆ ಸುಬ್ಬಯ್ಯನವರು ಮಾತ್ರ ಒಪ್ಪಲಿಲ್ಲ. ಬಂದವರಿಗೆ ಇನ್ನೊಂದು ಸ್ವಲ್ಪ ಹಾಕಲೇ ಎಂದು ಕೇಳದೆ ಊಟ ಮುಗಿಸುವುದು ಅವರ ಜೀವಮಾನದಲ್ಲಿ ಆಗಿರಲಿಲ್ಲ. ಕಡೆಗೆ ಅವರನ್ನು ಗೇಟಿನ ಹತ್ತಿರ, ಬಸ್ಸಿಳಿದವರಿಗೆ ದಾರಿ ತೋರಿಸಲು ನಿಲ್ಲಿಸುವುದೆಂದಾಯಿತು.

ಮೂರನೆಯ ಪರೀಕ್ಷೆಯ ಬೆಳಿಗ್ಗೆ ಭರಣಿಗಳನ್ನು ಇಡಬೇಕಾದವನು ಪ್ರಕಾಶ. ಯಾವ ಪಂಕ್ತಿಗೆ ಯಾವುದು ಎಲ್ಲಿ ಎಂದು ಚೀಟಿ ಎತ್ತಿ ನಿರ್ಧಾರವಾಗಿತ್ತು. ಅವನಿಟ್ಟು ಹೊರಗೆ ಬಂದ ಮೇಲೆ ಜನ ಒಳಗೆ ಹೋಗುವುದು. ಕೋಣೆಯಲ್ಲಿ ಅವನೊಬ್ಬನೇ. ಮಜ್ಜಿಗೆ ಎಲ್ಲ ಭರಣಿಗಳಿಂದ ಸಮದೂರದಲ್ಲಿದ್ದರೂ, ಬಾಗಿಲಿಗೆ ಹತ್ತಿರದ ಜಾಗ ಎಂಬುದೊಂದು ಇದ್ದೇ ಇತ್ತು. ಒಳಗೆ ಬಂದವರ ಕೈ ಮೊದಲು ಅಲ್ಲಿಗೇ ಹೋಗುತ್ತದೆಂದು ಮದುವೆಮನೆ ಊಟಕ್ಕೆ ಹೋದ ಯಾರಿಗಾದರೂ ಗೊತ್ತು. ಚೀಟಿಯ ಪ್ರಕಾರ ಮೊದಲ ಪಂಕ್ತಿಯಲ್ಲಿ ಅಲ್ಲಿರಬೇಕಾದದ್ದು ಬಸ್ಸಿನ ದಾರಿಯ ಮರ. ಅತ್ತೆಯ ಭರಣಿ ಆಚೆ ಮೂಲೆಗೆ.

ಅವನು ಅತ್ತೆಯ ಭರಣಿಯನ್ನು ಬಾಗಿಲ ಬಳಿ ಇಟ್ಟ. ನೋಡಿದ. ಎರಡಡಿ ಹಿಂದೆ ನಿಂತು ಮತ್ತೆ ನೋಡಿದ. ಯಾರಿಗೂ ಗೊತ್ತಾಗುವ ಸಂಗತಿಯಲ್ಲ. ಅತ್ತೆ ಬದುಕಿರುವ ತನಕ ನರ್ಸರಿಯ ಗಿಡದ ಮೇಲೆ ಹೆಸರು ನೋಡಿಕೊಂಡು ಸುಖವಾಗಿರುತ್ತಾರೆ. ಆದರೆ ಆ ಗಿಡ ಕೊಂಡವರು, ಎಂಟು ಹತ್ತು ವರ್ಷ ನೀರು ಹೊಯ್ದು, ಮಿಡಿ ಬಿಟ್ಟ ಮೇಲೆ ಅದು ಒಳ್ಳೆಯದಲ್ಲವೆಂದು ತಿಳಿದರೆ ಯಾರನ್ನು ಬೈಯುತ್ತಾರೆ? ಅತ್ತೆಯ ಹೆಸರು ಹಿಡಿದೇ ಬೈಯುತ್ತಾರೆ, ಗಿಡದ ಮೇಲೆ ಬರೆದೇ ಇರುತ್ತದಲ್ಲ. ಪಂಪು ರಿಪೇರಿ ಮಾಡುತ್ತಿದ್ದ ಕಾಲದಿಂದ ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ: ಕೆಟ್ಟ ವಾಷರನ್ನು ಒರೆಸಿ ಹಾಕಿದರೆ ನೀರು ಬರುವುದು ನಾವು ಗೇಟು ದಾಟುವ ತನಕ ಮಾತ್ರ. ಅವನು ಭರಣಿ ಎತ್ತಿ ಆಚೆ ಮೂಲೆಯಲ್ಲಿಟ್ಟು, ಚೀಟಿಗೆ ಸರಿಯಾಗಿ ಉಳಿದವನ್ನೂ ಇಟ್ಟು, ಹೊರಗೆ ಬಂದ.

ಹೊರಗೆ ಬೆಂಚಿನ ಮೇಲೆ ಮರದ ಯಜಮಾನರು ಕುಳಿತಿದ್ದರು. ಕಿಗ್ಗದ ಗಿಡ್ಡಯ್ಯ ಮಾತಿಲ್ಲದ ಮನುಷ್ಯ; ಒಂದು ತುದಿಯಲ್ಲಿ ಕವಳ ಜಗಿಯುತ್ತಿದ್ದ. ರೇಷ್ಮೆ ಅಂಚಿನ ಸೀರೆ ಉಟ್ಟುಕೊಂಡು ಬಂದ ವೆಂಕಮ್ಮನವರು ನಡುವೆ. ಈಚೆ ತುದಿಯಲ್ಲಿ ಭೈರಪ್ಪ.

"ನಿಮ್ಮ ಮರಕ್ಕೆ ಹೆಸರು ಬರೋದಾದ್ರೆ ಬರ್ಲಿ ವೆಂಕಮ್ಮ," ಎಂದ ಭೈರಪ್ಪ. "ಆದ್ರೆ ಒಂದು ಮಾತು. ನಮ್ಮ ಮಗಳ ಮದುವೆಗೆ ನಿಮ್ಮ ಮರದ ಮಿಡಿ ಒಯ್ದು ನಮ್ಮನೆಯವಳ ಕೈಲಿ ಹಾಕಿಸಿದ್ನಲ್ಲ, ನಿಮ್ಮ ರುಚಿಯ ಗಾಳಿಯೂ ಸೋಕಲಿಲ್ಲ. ಒಳ್ಳೇದೆಲ್ಲ ಇಟ್ಕೊಂಡು ಬುಡದ್ದು ಕೊಟ್ರಿ."

"ನನ್ನ ಮರದಲ್ಲಿ ಬುಡದ್ದು ತುದೀದು ಅಂತ ಇಲ್ಲ. ಮೇಲಿಂದ ಕೆಳಗಿನ ತನಕ ಒಂದೇ."

"ಮತ್ತೆ ನಮ್ಮಲ್ಲಿ ಎಂತಕ್ಕೆ ಹಾಗಾಯ್ತು?"

"ಕೊಡ್ಬಾರದಿತ್ತು, ಕೊಟ್ಟೆ. ನಂದೇ ತಪ್ಪು."

ಒಳಗೆ ಪಂಕ್ತಿಯ ಮೇಲೆ ಪಂಕ್ತಿ ಊಟ ನಡೆಯಿತು. ಯಾರೂ ಅಂಕ ಕೇಳಲಿಲ್ಲ, ಯಾರೂ ಬಡಿಸಲಿಲ್ಲ. ಮಾತಿನ ಸದ್ದು ಹೊರಗಿನ ತನಕ ಕೇಳುತ್ತಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೇಡಂ ತೂಕ ಮಾಡಿ, ಲೆಕ್ಕ ಹಾಕಿ, ಎಲ್ಲರನ್ನೂ ಅಂಗಳಕ್ಕೆ ಕರೆದರು. ನಂಬರಿನ ಹಿಂದಿನ ಹೆಸರು ಹೇಳುವುದು ಪ್ರಕಾಶನ ಕೆಲಸ.

ಮೊದಲನೆಯದು ಕಿಗ್ಗದ ಗಿಡ್ಡಯ್ಯನ ಮರ, ಸಂಶಯಕ್ಕೆ ಎಡೆಯಿಲ್ಲದ ಹಾಗೆ. ಗಿಡ್ಡಯ್ಯ ಕವಳ ಅಗಿಯುವುದನ್ನು ನಿಲ್ಲಿಸಿದ. ಅದೇ ಅವನ ಸಂತೋಷ. ಎರಡನೆಯದು ಎನ್.ಆರ್.ಪುರದ ಭೈರಪ್ಪನದು.

"ಮತ್ತೆ ಮೂರನೇದು," ಎಂದ ಪ್ರಕಾಶ, ನೆಲ ನೋಡುತ್ತ. "ಮೂರನೇದೂ ನಾಲ್ಕನೇದೂ ಒಂದೇ ಮಟ್ಟ. ಒಂದು ಮಿಡಿಯಷ್ಟೂ ವ್ಯತ್ಯಾಸ ಇಲ್ಲ. ನಾರ್ವೆಯದು ಮತ್ತೆ… ಜಯಪುರದ ದಾರೀದು."

ಬಸ್ಸು ನಿಲ್ಲುವ ಜಾಗದ ಮರ ಎಂದು ತಿಮ್ಮಣ್ಣ ಹಿಂದಿನವರಿಗೆ ಬಿಡಿಸಿ ಹೇಳಿದ. ಚಿಕ್ಕಕ್ಕ ಸೆರಗಿನ ತುದಿ ಕಚ್ಚಿಕೊಂಡು ಬೇರೆ ಕಡೆ ನೋಡಿದಳು. ಸಂಪದಾ ಅಮ್ಮನ ಹೆಗಲ ಮೇಲೆ ಕೈಯಿಟ್ಟಳು. ವೆಂಕಮ್ಮನವರು ಆ ಕೈಯನ್ನು ಮೆಲ್ಲಗೆ ತೆಗೆದಿಟ್ಟು, ಪ್ರಕಾಶ ಹೆದರಿದ್ದ ಹಾಗೆಯೇ, ನೇರವಾಗಿ ಅವನನ್ನೇ ನೋಡಿದರು.

"ಉಪ್ಪು ಹಾಕಿದ್ದು ಯಾರು?"

"ಸುಬ್ಬಯ್ಯನವರು," ಎಂದ ಪ್ರಕಾಶ.

"ನಾನಲ್ಲ," ಎಂದರು ಸುಬ್ಬಯ್ಯನವರು ಗೇಟಿನಿಂದಲೇ. "ತಕ್ಕಡಿ ಹಾಕಿದ್ದು."

ಅರ್ಪಣಾ ಮೇಡಂ ಬೆಂಚಿನ ಮೇಲೆ ವೆಂಕಮ್ಮನವರ ಪಕ್ಕ ಬಂದು ಕುಳಿತರು. ನಾಲ್ಕಕ್ಕೂ ಒಂದೇ ಉಪ್ಪು, ಒಂದೇ ಖಾರ, ಒಂದೇ ಬಗೆಯ ಭರಣಿ. ಮರ ಒಂದು ಬಿಟ್ಟು ಬೇರೆ ಯಾವುದರಲ್ಲೂ ಭೇದ ಇರಬಾರದೆಂದು ಹಾಗೆ ಮಾಡಿದ್ದು ಎಂದು ನಿಧಾನವಾಗಿ ಹೇಳಿದರು. ವೆಂಕಮ್ಮನವರು ನಡುವೆ ಬಾಯಿ ಹಾಕದೆ ಕೇಳಿದರು.

"ಹಾಗಾದ್ರೆ ನನ್ನ ಮಿಡಿಯೂ ಆ ದಾರಿ ಬದಿಯದ್ದೂ ಒಂದೇ."

"ಮಿಡಿ ಮಾತ್ರ ನೋಡಿದ್ರೆ, ಹೌದು."

"ಇಷ್ಟು ವರ್ಷ ಈ ಜನ ಚಪ್ಪರಿಸ್ಕೊಂಡು ತಿಂದರಲ್ಲ. ಅದು ಸುಳ್ಳಾ? ಇವರೇನು ಒಂಬತ್ತು ಕೊಟ್ಟ ಹಾಗೇ ತಿಂದದ್ದಾ?"

"ಅಯ್ಯೋ, ಅದು ಸುಳ್ಳಲ್ಲ," ಎಂದಳು ಚಿಕ್ಕಕ್ಕ. "ನಾನು ನಿಮ್ಮನೆ ಭರಣಿಗೆ ಯಾರೂ ಇಲ್ದಾಗ ಕೈ ಹಾಕಿದ್ದೇನೆ. ಕದ್ದು ತಿಂದದ್ದಕ್ಕೆ ಎಂತ ದಾಕ್ಷಿಣ್ಯ?"

ವೆಂಕಮ್ಮನವರು ಭೈರಪ್ಪನ ಕಡೆ ತಿರುಗಿದರು. ತಿರುಗುವಾಗಲೇ ಅವರ ಬೆನ್ನು ನೆಟ್ಟಗಾಗುತ್ತಿತ್ತು. "ಭೈರಪ್ಪ, ನಾನು ನಿಂಗೆ ಬುಡದ್ದು ಕೊಡ್ಲಿಲ್ಲ. ನನ್ನ ಮರದಲ್ಲಿ ಇದ್ದದ್ದೇ ಇಷ್ಟು. ನೀನು ಒಯ್ದದ್ದೂ ಅದೇ, ನಾನು ಹಾಕಿದ್ದೂ ಅದ್ನೇ. ನಂದು ಮೂರು ತಾಲೂಕು ತಿಂತು, ನಿಂದು ನಿನ್ನ ಬೀಗರೂ ತಿನ್ನಲಿಲ್ಲ. ಮರದಲ್ಲಿ ಇಲ್ಲದ್ದು ಎಲ್ಲಿಂದ ಬಂತು ಹಾಗಾದ್ರೆ?"

ಭೈರಪ್ಪನಿಗೆ ಉತ್ತರ ಗೊತ್ತಿತ್ತು. ಅದನ್ನು ಹೇಳಿ ಮನೆಗೆ ಹೋಗುವ ಧೈರ್ಯ ಇರಲಿಲ್ಲ.

"ಕೈ ಅತ್ತೆ," ಎಂದ ಪ್ರಕಾಶ. "ನಿಮ್ಮ ಕೈ."

"ಅದನ್ನ ನೀವು ಹೇಳಿದ್ರೆ ಆಗ್ಲಿಲ್ಲ. ನೀವು ಅಳಿಯ, ಹೇಳ್ತೀರಿ." ವೆಂಕಮ್ಮನವರು ಮೇಡಮ್ಮಿನ ಮೊಣಕೈ ಹಿಡಿದರು. "ಅಮ್ಮಾ, ಈ ಸಲ ಉಪ್ಪು ಒಂದೇ ಮಾಡಿ ಮರ ಬೇರೆ ಇಟ್ರಿ. ಬರೋ ವರ್ಷ ಮರ ಒಂದೇ ಮಾಡಿ, ಕೈ ಬೇರೆ ಇಡಿ. ಆ ದಾರಿ ಬದಿಯ ಮರವೇ ಆಗ್ಲಿ, ಯಾರದ್ದೂ ಅಲ್ಲ. ತಲೆಗೊಂದು ಬುಟ್ಟಿ ಮಿಡಿ ಕೊಡಿ. ಅವರವರ ಮನೆ ಪದ್ಧತೀಲಿ ಹಾಕ್ಲಿ. ಹೀಗೇ ನಂಬರ್ ಹಾಕಿ, ಹೀಗೇ ತೂಗಿ. ಮೂರು ತಾಲೂಕಿನಲ್ಲಿ ಯಾರ ಕೈ ಎಂಥದ್ದು ಅಂತ ಒಂದು ಸಲ ಆಗಿಹೋಗ್ಲಿ."

ಅರ್ಪಣಾ ಮೇಡಮ್ಮಿನ ಕಣ್ಣು ಹೊಳೆಯಿತು. ಇದು ಎಷ್ಟು ಚೊಕ್ಕವಾದ ಪರೀಕ್ಷೆ ಎಂದು ಅವರು ಆಗಲೇ ಪೆನ್ನು ಹುಡುಕತೊಡಗಿದರು.

ಅಂಗಳದಲ್ಲಿ ಉಳಿದವರಿಗೆ ಮಾತ್ರ ಅದು ಬೇರೆ ರೀತಿ ಕೇಳಿಸಿತು. ಮರ ಸೋತರೆ ಮನುಷ್ಯರು ಮೂರು ದಿನ ಸಪ್ಪಗಿರುತ್ತಾರೆ. ಹೆಂಗಸಿನ ಕೈಗೆ ನಂಬರ್ ಹಾಕಿ, ತೂಗಿ, ಊರ ಮುಂದೆ ನಾಲ್ಕನೆಯದು ಎಂದು ಸಾರಿದರೆ ಆ ಮನೆಯಲ್ಲಿ ಆಮೇಲೆ ಅನ್ನ ಬೇಯುವುದು ಹೇಗೆ? ತಿಮ್ಮಣ್ಣ ಶೃಂಗೇರಿಯ ಬಸ್ಸಿಗೆ ಹೊತ್ತಾಯಿತೆಂದ. ಭೈರಪ್ಪ, ತನ್ನ ಹೆಂಡತಿಗೆ ಈ ವಿಷಯ ಯಾರೂ ಮುಟ್ಟಿಸಬಾರದೆಂದು ಪ್ರತಿಯೊಬ್ಬರ ಹತ್ತಿರ ಹೋಗಿ ಕೈ ಮುಗಿದ. ಅವನು ಬೈಕು ಹತ್ತುವಷ್ಟರಲ್ಲಿ ಸುದ್ದಿ ಎನ್.ಆರ್.ಪುರ ತಲುಪಿ, ಆಕೆಯೇ ಫೋನ್ ಮಾಡಿ, ತನ್ನ ಹೆಸರನ್ನು ಮೊದಲು ಬರೆದುಕೊಳ್ಳಬೇಕೆಂದು ಹೇಳಿದಳು.

"ನಂದೂ ಒಂದು ಇರ್ಲಿ ಮೇಡಂ," ಎಂದಳು ಸಂಪದಾ.

ವೆಂಕಮ್ಮನವರು ಮಗಳನ್ನು ಮೇಲಿಂದ ಕೆಳಗೆ ನೋಡಿದರು. "ನೀನಾ?"

"ಎಂತಕ್ಕೆ, ನಂಗೆ ಕೈ ಇಲ್ವಾ?"

"ಇದ್ಯಲ್ಲ. ಇದ್ದು ಎಂತ?"

"ಗೊತ್ತಾಗ್ತದಲ್ಲಮ್ಮ, ನಂಬರ್ ಹಾಕಿದ್ಮೇಲೆ." ಸಂಪದಾ ನಗಲಿಲ್ಲ. ತಾಯಿಯೂ ನಗಲಿಲ್ಲ. ಇಬ್ಬರೂ ಒಂದೇ ಸಲ, ಒಂದೇ ರೀತಿ ತಲೆ ತಿರುಗಿಸಿ ಪ್ರಕಾಶನನ್ನು ನೋಡಿದರು.

ಪ್ರಕಾಶ ಮೇಡಮ್ಮಿನ ಹಿಂದೆಯೇ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ. ಈ ಒಂದು ವರ್ಷ ಬೈದುಕೊಂಡು ಬಂದಿದ್ದ ಹಸಿರು ಪುಸ್ತಕವನ್ನು ತಾನಾಗಿ ಮೊದಲ ಸಲ ಕೈಗೆತ್ತಿಕೊಂಡು, ಪುಟದಿಂದ ಪುಟಕ್ಕೆ ಬೆರಳಾಡಿಸಿದ.

"ಎಂತ ಹುಡುಕ್ತಿದ್ದೀರಿ?"

"ಅತ್ತೆ, ಹೆಂಡತಿ ಇಬ್ರೂ ಸ್ಪರ್ಧೇಲಿ ಇರೋವಾಗ ನಂಬರ್ ಇಟ್ಕೊಳ್ಳೋನು ಅವರ ಮನೆಯವನಾಗಿರಬಾರ್ದು ಅಂತ ಒಂದು ನಿಯಮ ಇರ್ಬೇಕಲ್ಲ ಮೇಡಂ. ಇಷ್ಟು ದಪ್ಪ ಪುಸ್ತಕ."

"ಹಾಗೆ ಇದ್ದ ನೆನಪಿಲ್ಲ ಮಾರಾಯ್ರೇ."

ಪ್ರಕಾಶ ಪುಸ್ತಕವನ್ನು ಅವರ ಮುಂದಿಟ್ಟು, ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದು ಎರಡೂ ಕೈಯಿಂದ ನೀಡಿದ. "ಹಾಗಾದ್ರೆ ಬರೀರಿ ಮೇಡಂ. ಯಾರು ಕೇಳಿದ್ರೂ ಒಂದೇ ಉತ್ತರ ಬರೋ ಹಾಗೆ, ಗಟ್ಟಿಯಾಗಿ ಬರೀರಿ."